ಹಳೆಯ ಮೋಟಾರುಗಳ ಸ್ವಯಂಚಾಲಿತ ಗೇರು: ದೋಷ ತಿಳಿಯುವ ಕ್ರಮ, ಸರಿಹೊಂದಿಸುವ ಕ್ರಮ



ಚಾಕಣಕ್ಕೂ ಮೋಟಾರಿಗೂ ಇರುವ ನಂಟನ್ನು ಇಲ್ಲಿ ದುಡಿಯುವವರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ಈರುಳ್ಳಿ ಪೇಟೆಗೂ ಸಂಗ್ರಾಮದುರ್ಗವೆಂಬ ನೆಲಕೋಟೆಗೂ ಹೆಸರಾದ ಈ ಊರು ಈಗ ಮೋಟಾರು ಕಾರ್ಖಾನೆಗಳ ಊರೂ ಆಗಿದೆ. ಫೋಕ್ಸ್‌ವ್ಯಾಗನ್ ಕಾರ್ಖಾನೆ 2009ರಲ್ಲಿ ಇಲ್ಲಿ ಆರಂಭವಾಯಿತು. ಅದೇ ವರ್ಷ ಮರ್ಸಿಡಿಸ್ ಬೆಂಜ್ ಕಂಪನಿಯೂ ಇಲ್ಲಿಯ ತನ್ನ ಹೊಸ ಕಾರ್ಖಾನೆಗೆ ಬಂದಿತು. ಬಜಾಜ್, ಮಹೀಂದ್ರ ಕಾರ್ಖಾನೆಗಳೂ ಇಲ್ಲುಂಟು. ಕಲಬುರಗಿ, ವಿಜಯಪುರ, ಬೀದರ, ಬಾಗಲಕೋಟೆಗಳ ಕಡೆಯಿಂದ ಬಂದ ನಮ್ಮವರಲ್ಲಿ ಕೆಲವರು ಕಾರ್ಖಾನೆಗಳಲ್ಲಿದ್ದಾರೆ, ಕೆಲವರು ಸಾಹೇಬರ ಮೋಟಾರು ನಡೆಸುತ್ತಾರೆ, ಕೆಲವರು ಗ್ಯಾರೇಜುಗಳಲ್ಲಿ ಕೈಗೆಲಸ ಕಲಿಯುತ್ತಾರೆ. ಇನ್ನು ಕೆಲವರು ಹೊಟ್ಟೆ ಬಟ್ಟೆ ಕಟ್ಟಿ ಉಳಿಸಿದ ಹಣದಲ್ಲಿ ಹಳೆಯ ಮೋಟಾರೊಂದನ್ನು ಕೊಂಡು ಬಾಡಿಗೆಗೆ ಓಡಿಸಬೇಕೆಂಬ ಆಸೆಯುಳ್ಳವರು.

ಇಂಥವರ ಕೈಗೆ ಹಳೆಯ ಸ್ವಯಂಚಾಲಿತ ಗೇರಿನ ಮೋಟಾರು ಬರುವುದುಂಟು. ಅದರ ಗೇರುಪೆಟ್ಟಿಗೆಯನ್ನು ಕಂಡು ಜನ ಹೆದರುವುದರಿಂದ ಅದು ಕೆಲವೊಮ್ಮೆ ಕಡಿಮೆ ಬೆಲೆಗೆ ಸಿಗುತ್ತದೆ. ಕೊಂಡ ಕೆಲವು ತಿಂಗಳಿಗೆ ಗೇರು ಜಗ್ಗುವುದು, ಜಾರುವುದು ಆರಂಭವಾಗುತ್ತದೆ. ಗ್ಯಾರೇಜಿಗೆ ಹೋದರೆ, “ಪೆಟ್ಟಿಗೆ ಹೋಗಿದೆ, ಇಳಿಸಿ ಬಿಚ್ಚಬೇಕು” ಎಂಬ ಒಂದೇ ಮಾತು. ಆ ಮಾತಿಗೆ ತೆರುವ ಹಣದಲ್ಲಿ ಊರಿನ ಮನೆಯ ಒಂದು ಮದುವೆ ನಡೆದೀತು. ಪೆಟ್ಟಿಗೆ ನಿಜವಾಗಿಯೂ ಹೋಗಿರಬಹುದು. ಆದರೆ ಎಣ್ಣೆ ಕಡಿಮೆಯಾಗಿಯೋ, ಒಂದು ತಂತಿ ಸಡಿಲವಾಗಿಯೋ, ಒಂದು ರಬ್ಬರು ನಳಿಗೆ ಬಿರಿದೋ ಅದೇ ಲಕ್ಷಣ ತೋರುವುದೂ ಉಂಟು. ಎರಡಕ್ಕೂ ಇರುವ ಭೇದವನ್ನು ತಿಳಿಯುವುದೇ ಈ ಪಾಠದ ಉದ್ದೇಶ.

ನಾವು ಮಿಸ್ತ್ರಿಗಳಲ್ಲ, ಗಿರಣಿಯ ಲೆಕ್ಕ ಬರೆಯುವವರು. ತಯಾರಕರ ಕೈಪಿಡಿಗಳನ್ನು ಓದಿ, ಬಲ್ಲ ಮಿಸ್ತ್ರಿಗಳ ಬಳಿ ಕೂತು ಕೇಳಿ, ತಿಳಿದುದನ್ನು ಕ್ರಮವಾಗಿ ಇಲ್ಲಿ ಇಡುತ್ತಿದ್ದೇವೆ.

1. ಒಳಗೆ ನಡೆಯುವುದೇನು?

ಸಾಧಾರಣ ಮೋಟಾರಿನಲ್ಲಿ ಎಡಗಾಲು ಕ್ಲಚ್ಚು ಒತ್ತುತ್ತದೆ, ಕೈ ಗೇರು ಬದಲಿಸುತ್ತದೆ. ಸ್ವಯಂಚಾಲಿತ ಮೋಟಾರಿನಲ್ಲಿ ಈ ಎರಡು ಕೆಲಸಗಳನ್ನೂ ಎಣ್ಣೆಯೇ ಮಾಡುತ್ತದೆ. ಈ ಮಾತನ್ನು ಮನಸ್ಸಿನಲ್ಲಿಟ್ಟರೆ ಮುಂದಿನದೆಲ್ಲ ಸುಲಭ.

ಇಂಜಿನಿಗೂ ಗೇರುಪೆಟ್ಟಿಗೆಗೂ ನಡುವೆ ಟಾರ್ಕ್ ಕನ್ವರ್ಟರು ಎಂಬ ದುಂಡು ಪಾತ್ರೆ ಇರುತ್ತದೆ. ಇದರೊಳಗೆ ಎದುರುಬದುರಾಗಿ ಎರಡು ರೆಕ್ಕೆಯ ಚಕ್ರಗಳಿವೆ. ಒಂದನ್ನು ಇಂಜಿನು ತಿರುಗಿಸುತ್ತದೆ. ಅದು ಎಸೆದ ಎಣ್ಣೆ ಇನ್ನೊಂದರ ರೆಕ್ಕೆಗಳಿಗೆ ಬಡಿದು ಅದನ್ನೂ ತಿರುಗಿಸುತ್ತದೆ. ಒಂದು ಬೀಸಣಿಗೆಯ ಗಾಳಿಯಿಂದ ಎದುರಿನ ಇನ್ನೊಂದು ಬೀಸಣಿಗೆ ತಿರುಗಿದ ಹಾಗೆ. ನಡುವೆ ಸ್ಟೇಟರು ಎಂಬ ಮೂರನೆಯ ಚಕ್ರವಿದ್ದು, ಹಿಂದಿರುಗುವ ಎಣ್ಣೆಯ ದಿಕ್ಕು ತಿದ್ದಿ, ಮೋಟಾರು ಹೊರಡುವಾಗ ಬಲವನ್ನು ಹೆಚ್ಚಿಸುತ್ತದೆ. ಎಣ್ಣೆಯ ಮೂಲಕ ಬಲ ಸಾಗಿಸುವ ಈ ಯುಕ್ತಿಗೆ ಜರ್ಮನಿಯ ಹರ್ಮನ್ ಫಟ್ಟಿಂಗರ್ ಎಂಬ ಇಂಜಿನಿಯರು 1905ರಲ್ಲಿ ಪೇಟೆಂಟು ಪಡೆದರು. ಅವರು ಯೋಚಿಸಿದ್ದು ಹಡಗುಗಳಿಗಾಗಿ. ಮೋಟಾರುಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಮಾರಾಟವಾದ ಮೊದಲ ಪೂರ್ಣ ಸ್ವಯಂಚಾಲಿತ ಗೇರು ಅಮೆರಿಕದ ಜನರಲ್ ಮೋಟಾರ್ಸಿನ ಹೈಡ್ರಾಮ್ಯಾಟಿಕ್. ಅದು 1939ರಲ್ಲಿ ಪ್ರಕಟವಾಯಿತು.

ಕನ್ವರ್ಟರಿನ ಹಿಂದೆ ಗ್ರಹಚಕ್ರದ ಗೇರುಗಳಿವೆ. ನಡುವೆ ಸೂರ್ಯನಂತೆ ಒಂದು ಗೇರು, ಸುತ್ತ ಗ್ರಹಗಳಂತೆ ಸಣ್ಣ ಗೇರುಗಳು, ಹೊರಗೆ ಒಳಹಲ್ಲಿನ ಬಳೆ. ಇವುಗಳಲ್ಲಿ ಒಂದನ್ನು ಹಿಡಿದು ನಿಲ್ಲಿಸಿದರೆ ಒಂದು ವೇಗ, ಇನ್ನೊಂದನ್ನು ಹಿಡಿದರೆ ಇನ್ನೊಂದು ವೇಗ, ಮತ್ತೊಂದನ್ನು ಹಿಡಿದರೆ ಹಿಂದೋಟ. ಹಿಡಿಯುವ ಕೈಗಳು ಎರಡು ಬಗೆ: ಬಿಲ್ಲೆಗಳನ್ನು ಜೋಡಿಸಿದ ಕ್ಲಚ್ಚುಗಳು, ಮತ್ತು ಡ್ರಮ್ಮನ್ನು ಸುತ್ತಿ ಹಿಡಿಯುವ ಬ್ಯಾಂಡ್ ಎಂಬ ಪಟ್ಟಿಗಳು. ಈ ಕೈಗಳನ್ನು ಬಿಗಿಸುವ ಶಕ್ತಿ ಎಣ್ಣೆಯ ಒತ್ತಡ. ಆ ಒತ್ತಡವನ್ನು ಕೊಡುವ ಪಂಪು ಇಂಜಿನಿನಿಂದ ತಿರುಗುತ್ತದೆ.

2. ಗೇರು ಬದಲಾಗಬೇಕೆಂದು ಯಾರು ನಿರ್ಣಯಿಸುತ್ತಾರೆ?

ಚಾಕಣದ ಈರುಳ್ಳಿ ಪೇಟೆಯ ತಕ್ಕಡಿಯನ್ನು ನೆನೆಸಿಕೊಳ್ಳಿರಿ. ಹಳೆಯ ಪೆಟ್ಟಿಗೆಗಳಲ್ಲಿ ವಾಲ್ವ್ ಬಾಡಿ ಎಂಬ ಭಾಗದೊಳಗೆ ಅಂಥದೇ ಒಂದು ತೂಕ ನಡೆಯುತ್ತದೆ. ಒಂದು ತಟ್ಟೆಯಲ್ಲಿ ಮೋಟಾರಿನ ವೇಗ. ಇದನ್ನು ಗವರ್ನರು ಎಂಬ ಭಾಗ ಎಣ್ಣೆಯ ಒತ್ತಡವಾಗಿ ತಿಳಿಸುತ್ತದೆ. ಇನ್ನೊಂದು ತಟ್ಟೆಯಲ್ಲಿ ಚಾಲಕನ ಪಾದ. ಆಕ್ಸಿಲರೇಟರು ಎಷ್ಟು ಒತ್ತಿದೆ ಎಂಬುದನ್ನು ಒಂದು ತಂತಿಯೋ, ಇಂಜಿನಿನ ನಿರ್ವಾತವನ್ನು ಅಳೆಯುವ ಮಾಡ್ಯುಲೇಟರು ಎಂಬ ಡಬ್ಬಿಯೋ ತಿಳಿಸುತ್ತದೆ. ವೇಗದ ತಟ್ಟೆ ಭಾರವಾದಾಗ ಮೇಲಿನ ಗೇರು ಬೀಳುತ್ತದೆ. ಪಾದದ ತಟ್ಟೆ ಭಾರವಾದಾಗ ಕೆಳಗಿನ ಗೇರೇ ಉಳಿಯುತ್ತದೆ, ಇಲ್ಲವೆ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ.

ಪಾದದ ತಟ್ಟೆ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಪಾದ ಹೆಚ್ಚು ಒತ್ತಿದಷ್ಟೂ ಕ್ಲಚ್ಚು, ಬ್ಯಾಂಡುಗಳನ್ನು ಹಿಡಿಯುವ ಒತ್ತಡ ಹೆಚ್ಚುತ್ತದೆ. ಭಾರವಾದ ಮೂಟೆಯನ್ನು ಗಟ್ಟಿಯಾಗಿ ಹಿಡಿಯಬೇಕಷ್ಟೆ. ಹೆಚ್ಚಿನ ದೋಷಗಳನ್ನು ಈ ತಕ್ಕಡಿಯಿಂದಲೇ ಊಹಿಸಬಹುದು. ಗೇರು ಬೇಗ ಬೇಗ ಬಿದ್ದು ಮೆತ್ತಗೆ ಜಾರುತ್ತಿದ್ದರೆ ಪಾದದ ತಟ್ಟೆ ಹಗುರವಾಗಿದೆ. ತಡವಾಗಿ ಬಿದ್ದು ಧಡ್ಡೆಂದು ಜಗ್ಗಿದರೆ ಪಾದದ ತಟ್ಟೆ ಭಾರವಾಗಿದೆ. ಎಷ್ಟು ಓಡಿದರೂ ಮೇಲಿನ ಗೇರು ಬೀಳದಿದ್ದರೆ ಗವರ್ನರನ್ನು ಸಂಶಯಿಸಬೇಕು.

3. ಕೈ ಹಾಕುವ ಮೊದಲು

ಈ ಪಾಠದಲ್ಲಿ ಬೇರೆ ಏನನ್ನು ಮರೆತರೂ ಇದನ್ನು ಮರೆಯತಕ್ಕದ್ದಲ್ಲ. ಇಂಜಿನು ಓಡುತ್ತಿರುವ ಸ್ವಯಂಚಾಲಿತ ಮೋಟಾರು ಹಿಡಿ ಜರುಗಿದೊಡನೆ ತಾನೇ ಹೊರಡುತ್ತದೆ, ಕ್ಲಚ್ಚಿನ ತಡೆ ಇಲ್ಲ. ಹಿಡಿ ‘ಪಿ’ಯಲ್ಲಿ ಪೂರ್ತಿ ಕೂರದೆ ‘ಪಿ’ಗೂ ‘ಆರ್’ಗೂ ನಡುವೆ ನಿಂತಿದ್ದರೆ, ಚಾಲಕ ಇಳಿದ ಮೇಲೆ ಅದುರಾಟಕ್ಕೆ ಜಾರಿ ಹಿಂದೋಟ ಹಿಡಿಯಬಹುದು. ಅಮೆರಿಕದಲ್ಲಿ ಇಂಥ ಅಪಘಾತಗಳ ದೂರು ಬಹಳವಾಗಿ, 1966ರಿಂದ 1980ರ ವರೆಗಿನ ಸುಮಾರು 2 ಕೋಟಿ 30 ಲಕ್ಷ ಫೋರ್ಡ್ ವಾಹನಗಳ ಒಡೆಯರಿಗೆ ಎಚ್ಚರಿಕೆಯ ಚೀಟಿ ಕಳುಹಿಸಬೇಕೆಂದು 1980ರ ಕೊನೆಯಲ್ಲಿ ಸರ್ಕಾರಕ್ಕೂ ಕಂಪನಿಗೂ ಒಪ್ಪಂದವಾಯಿತು.

ಆದುದರಿಂದ:

(ಅ) ಸಮನೆಲದಲ್ಲಿ ನಿಲ್ಲಿಸಿ, ಕೈಬ್ರೇಕು ಎಳೆದು, ಗಾಲಿಗಳ ಹಿಂದೆ ಮುಂದೆ ಕಲ್ಲು ಅಥವಾ ಮರದ ತುಂಡು ಕೊಡಬೇಕು.

(ಆ) ಇಂಜಿನು ಓಡುವಾಗ ಮೋಟಾರಿನ ಮುಂದಾಗಲಿ ಹಿಂದಾಗಲಿ ಯಾರೂ ನಿಲ್ಲಬಾರದು. ಒಳಗೆ ಒಬ್ಬರು ಬ್ರೇಕಿನ ಮೇಲೆ ಕಾಲಿಟ್ಟು ಕೂತಿರಬೇಕು.

(ಇ) ಬರಿಯ ಜಾಕಿನ ಮೇಲೆ ನಿಂತ ಮೋಟಾರಿನಡಿ ಎಂದಿಗೂ ನುಗ್ಗಬಾರದು, ಗಟ್ಟಿಯಾದ ಸ್ಟ್ಯಾಂಡು ಕೊಡಬೇಕು.

(ಈ) ಓಡಿ ಬಂದ ಪೆಟ್ಟಿಗೆಯ ಎಣ್ಣೆ ಚರ್ಮವನ್ನು ಸುಡುತ್ತದೆ. ಡ್ರೈನು ತಿರುಪು ಬಿಚ್ಚುವ ಮೊದಲು ಆರಲು ಬಿಡಬೇಕು.

4. ಮೊದಲ ಮೆಟ್ಟಿಲು: ಬರೆದಿಡುವುದು

ಗಿರಣಿಯಲ್ಲಿ ದಿನವಹಿ ಬರೆಯದೆ ಖಾತೆ ಬರೆಯುವುದಿಲ್ಲ. ಇಲ್ಲಿಯೂ ಹಾಗೆಯೇ. “ಗೇರು ಸರಿಯಿಲ್ಲ” ಎಂಬುದು ದೂರೇ ಅಲ್ಲ. ಯಾವ ಗೇರಿನಿಂದ ಯಾವುದಕ್ಕೆ? ಎಷ್ಟು ವೇಗದಲ್ಲಿ? ತಣ್ಣಗಿರುವಾಗಲೋ, ಬಿಸಿಯಾದ ಮೇಲೋ? ಪಾದ ಹಗುರವಾಗಿ ಇಟ್ಟಾಗಲೋ, ಒತ್ತಿದಾಗಲೋ? ಮುಂದೋಟದಲ್ಲಿ ಮಾತ್ರವೋ, ಹಿಂದೋಟದಲ್ಲಿಯೂ ಉಂಟೋ? ಇವನ್ನು ಒಂದು ಚೀಟಿಯಲ್ಲಿ ಬರೆಯಬೇಕು.

ಕೈಗಡಿಯಾರವಿದ್ದರೆ ಇನ್ನೊಂದು ಪರೀಕ್ಷೆ. ಬ್ರೇಕು ಒತ್ತಿ ಹಿಡಿದು, ಬಿಸಿಯಾದ ಇಂಜಿನು ನಿಧಾನವಾಗಿ ಓಡುತ್ತಿರುವಾಗ ‘ಎನ್’ನಿಂದ ‘ಡಿ’ಗೆ ತಂದು, ಗೇರು ಹಿಡಿದ ಅದುರು ಎಷ್ಟು ಹೊತ್ತಿಗೆ ಬಂತೆಂದು ನೋಡಬೇಕು. ಟೊಯೋಟದ ಹಳೆಯ ಕೈಪಿಡಿಗಳ ಪ್ರಕಾರ ಇದು 1.2 ಸೆಕೆಂಡಿಗಿಂತ ಕಡಿಮೆ ಇರಬೇಕು. ‘ಎನ್’ನಿಂದ ‘ಆರ್’ಗೆ 1.5 ಸೆಕೆಂಡಿಗಿಂತ ಕಡಿಮೆ. ಮೂರು ನಾಲ್ಕು ಸೆಕೆಂಡು ಹಿಡಿಯುತ್ತಿದ್ದರೆ ಎಣ್ಣೆ ಕಡಿಮೆ, ಒತ್ತಡ ಕಡಿಮೆ, ಇಲ್ಲವೆ ಕ್ಲಚ್ಚು ಸವೆದಿದೆ.

5. ಎರಡನೆಯ ಮೆಟ್ಟಿಲು: ಇಂಜಿನು

ಇಂಜಿನು ಸರಿಯಾಗಿ ಓಡದಿದ್ದರೆ ಗೇರನ್ನು ದೂರುವುದು ಅನ್ಯಾಯ. ಸ್ಪಾರ್ಕ್ ಪ್ಲಗ್ಗು ಕೆಟ್ಟು ಎಳೆಯುವ ಶಕ್ತಿ ಇಲ್ಲದ ಇಂಜಿನಿಗೆ ಚಾಲಕ ಪಾದವನ್ನು ಹೆಚ್ಚು ಒತ್ತುತ್ತಾನೆ. ಪಾದದ ತಟ್ಟೆ ಭಾರವಾಗಿ ಗೇರು ತಡವಾಗಿ ಬೀಳುತ್ತದೆ. ನಿಂತಲ್ಲಿ ಇಂಜಿನು ಅತಿ ವೇಗವಾಗಿ ತಿರುಗುತ್ತಿದ್ದರೆ ‘ಡಿ’ ಹಾಕಿದೊಡನೆ ಧಡ್ಡೆನ್ನುತ್ತದೆ. ಆದುದರಿಂದ ಪ್ಲಗ್ಗು, ಗಾಳಿಯ ಫಿಲ್ಟರು, ನಿಂತ ಓಟದ ವೇಗ ಇವು ಮೊದಲು ಸರಿಯಾಗಿರಬೇಕು.

6. ಮೂರನೆಯ ಮೆಟ್ಟಿಲು: ಎಣ್ಣೆ

ಎಣ್ಣೆಯನ್ನು ನೋಡದೆ ಪೆಟ್ಟಿಗೆಯ ಬಗ್ಗೆ ಅಭಿಪ್ರಾಯ ಹೇಳುವವರ ಮಾತನ್ನು ನಂಬಬೇಡಿರಿ. ನೋಡುವ ಕ್ರಮ ಹೀಗೆ: 15-20 ಕಿಲೋಮೀಟರು ಓಡಿಸಿ ಬಿಸಿಯಾದ ಮೇಲೆ ಸಮನೆಲದಲ್ಲಿ ನಿಲ್ಲಿಸಿ, ಬ್ರೇಕು ಒತ್ತಿ, ಹಿಡಿಯನ್ನು ಎಲ್ಲ ಸ್ಥಾನಗಳಲ್ಲಿ ಒಮ್ಮೆ ತಂದು ಮತ್ತೆ ‘ಪಿ’ಯಲ್ಲಿಟ್ಟು, ಇಂಜಿನು ಓಡುತ್ತಿರುವಾಗಲೇ ಗೇಜು ಕಡ್ಡಿಯನ್ನು ತೆಗೆದು ಒರೆಸಿ ಮತ್ತೆ ಅದ್ದಿ ನೋಡಬೇಕು. ಇದು ಹೆಚ್ಚಿನ ಮೋಟಾರುಗಳ ಕ್ರಮ. ಆದರೆ ಹೋಂಡದ ಹಳೆಯ ಮೋಟಾರುಗಳಲ್ಲಿ ಬಿಸಿ ಮಾಡಿದ ಮೇಲೆ ಇಂಜಿನು ನಿಲ್ಲಿಸಿ, ಒಂದು ನಿಮಿಷದ ಆಸುಪಾಸಿನಲ್ಲೇ ನೋಡಬೇಕು. ಕ್ರೈಸ್ಲರ್ ಕಂಪನಿಯ ಹಳೆಯ ಮೋಟಾರುಗಳಲ್ಲಿ ‘ಎನ್’ನಲ್ಲಿ ನೋಡಬೇಕು. ಆಯಾ ಮೋಟಾರಿನ ಕೈಪಿಡಿಯೇ ಪ್ರಮಾಣ.

ಕಡ್ಡಿಯನ್ನು ಗಿರಣಿಯ ವೇಸ್ಟ್ ಹತ್ತಿಯಿಂದ ಒರೆಸಬಾರದು. ನಮ್ಮಲ್ಲಿ ಅದು ಧಾರಾಳವಾಗಿ ಸಿಗುವುದರಿಂದಲೇ ಈ ಮಾತು ಹೇಳಬೇಕಾಯಿತು. ಒಂದು ಎಳೆ ನೂಲು ವಾಲ್ವಿನ ಸಂದಿಯಲ್ಲಿ ಸಿಕ್ಕರೆ ಗೇರೇ ಕಚ್ಚಿಕೊಳ್ಳಬಹುದು. ನೂಲು ಬಿಡದ ಶುದ್ಧ ಬಟ್ಟೆ ಬೇಕು.

ಇನ್ನು ಎಣ್ಣೆಯ ಬಣ್ಣ. ಸಾಮಾನ್ಯವಾಗಿ ಹೊಸ ಎಣ್ಣೆ ಕೆಂಪಾಗಿ ತಿಳಿಯಾಗಿರುತ್ತದೆ. ಕಂದು ಬಣ್ಣವಾಗಿ ಸುಟ್ಟ ವಾಸನೆ ಬಂದರೆ ಕ್ಲಚ್ಚಿನ ಬಿಲ್ಲೆಗಳು ಸುಟ್ಟಿವೆ ಎಂಬ ಸಂಶಯ. ಹಾಲು ಬೆರೆತಂತೆ ಬೆಳ್ಳಗಾಗಿದ್ದರೆ ಅದರಲ್ಲಿ ನೀರು ಸೇರಿದೆ. ಹಲವು ಮೋಟಾರುಗಳಲ್ಲಿ ಈ ಎಣ್ಣೆಯನ್ನು ತಣಿಸುವ ನಳಿಗೆ ರೇಡಿಯೇಟರಿನೊಳಗೇ ಇರುವುದರಿಂದ ಅಲ್ಲಿ ತೂತು ಬಿದ್ದಿರಬಹುದು. ಅಂಥ ಮೋಟಾರನ್ನು ಮುಂದೆ ಓಡಿಸಲೇಬಾರದು. ನೊರೆ ಕಂಡರೆ ಎಣ್ಣೆ ಕಡಿಮೆಯಾಗಿ ಪಂಪು ಗಾಳಿ ಹೀರುತ್ತಿದೆ, ಇಲ್ಲವೆ ಎಣ್ಣೆ ಹೆಚ್ಚಾಗಿ ಗೇರುಗಳು ಅದನ್ನು ಕಡೆಯುತ್ತಿವೆ. ಎರಡರಿಂದಲೂ ಗೇರು ಜಾರುತ್ತದೆ. ಆದುದರಿಂದ ಹೆಚ್ಚು ಹಾಕಿದರೆ ಒಳ್ಳೆಯದೆಂಬ ಭಾವನೆ ತಪ್ಪು. ಸ್ವಲ್ಪ ಸ್ವಲ್ಪವಾಗಿ ಹಾಕಿ, ಮತ್ತೆ ಮತ್ತೆ ನೋಡಬೇಕು.

ಎಣ್ಣೆಗಳಲ್ಲಿ ಜಾತಿಭೇದವುಂಟು. ಡೆಕ್ಸ್‌ರಾನ್, ಮರ್ಕಾನ್, ಟೊಯೋಟದ ಟಿ-4, ಹೋಂಡದ್ದೇ ಬೇರೆ. ಒಂದರ ಹಿಡಿತದ ಗುಣ ಇನ್ನೊಂದಕ್ಕಿಲ್ಲ. ಅಂಗಡಿಯವ “ಎಲ್ಲ ಒಂದೇ” ಎಂದರೆ ಡಬ್ಬಿಯ ಮೇಲಿನ ಬರಹವನ್ನೂ ಕೈಪಿಡಿಯನ್ನೂ ಹೋಲಿಸಿ ನೋಡಬೇಕು. ಇಂಜಿನು ಎಣ್ಣೆಯನ್ನಂತೂ ಹಾಕಲೇಬಾರದು.

ಎಣ್ಣೆ ಬದಲಿಸುವಾಗ ಕೆಳತಟ್ಟೆಯಿಂದ ಇಳಿಯುವುದು ಒಟ್ಟು ಎಣ್ಣೆಯ ಒಂದು ಪಾಲು ಮಾತ್ರ. ಉಳಿದುದು ಕನ್ವರ್ಟರಿನಲ್ಲಿರುತ್ತದೆ. ಇಳಿದುದನ್ನು ಅಳೆದು ಅಷ್ಟನ್ನೇ ಹಾಕಿ, ಆಮೇಲೆ ಕಡ್ಡಿಯಿಂದ ನೋಡಬೇಕು. ತಟ್ಟೆಯ ಅಯಸ್ಕಾಂತದ ಮೇಲೆ ಬೂದು ಬಣ್ಣದ ನುಣ್ಣನೆಯ ಹುಡಿ ಇದ್ದರೆ ಅದು ಸಹಜ ಸವಕಳಿ. ಲೋಹದ ಚೂರುಗಳೋ ಕರಿಯ ಬಿಲ್ಲೆಯ ತುಣುಕುಗಳೋ ಇದ್ದರೆ ಒಳಗೆ ನಾಶವಾಗಿದೆ. ಹೊಸ ಎಣ್ಣೆ ಸವೆದ ಕ್ಲಚ್ಚಿಗೆ ಔಷಧವಲ್ಲ.

7. ನಾಲ್ಕನೆಯ ಮೆಟ್ಟಿಲು: ಹಿಡಿಯ ಕೊಂಡಿ

ಒಳಗೆ ಚಾಲಕನ ಕೈಯ ಹಿಡಿ, ಕೆಳಗೆ ಪೆಟ್ಟಿಗೆಯ ಲಿವರು. ಇವೆರಡನ್ನೂ ಜೋಡಿಸುವ ಸರಳು ಅಥವಾ ತಂತಿ ವರ್ಷಗಳು ಕಳೆದಂತೆ ಸಡಿಲವಾಗುತ್ತದೆ. ಆಗ ಮುಳ್ಳು ‘ಡಿ’ ತೋರಿಸಿದರೂ ಪೆಟ್ಟಿಗೆಯೊಳಗಿನ ವಾಲ್ವು ‘ಡಿ’ಗೆ ಪೂರ್ತಿ ಬಂದಿರುವುದಿಲ್ಲ. ಅರ್ಧ ತೆರೆದ ನಲ್ಲಿಯಂತೆ ಒತ್ತಡ ಕಡಿಮೆಯಾಗಿ ಕ್ಲಚ್ಚು ಜಾರಿ ಸುಡುತ್ತದೆ.

ಪರೀಕ್ಷೆ ಸುಲಭ. ಬ್ರೇಕು ಒತ್ತಿ ಪ್ರತಿಯೊಂದು ಸ್ಥಾನದಲ್ಲೂ ಚಾವಿ ತಿರುಗಿಸಿ ನೋಡಬೇಕು. ‘ಪಿ’ ಮತ್ತು ‘ಎನ್’ನಲ್ಲಿ ಮಾತ್ರ ಇಂಜಿನು ಹೊರಡಬೇಕು. ಬೇರೆ ಸ್ಥಾನದಲ್ಲಿ ಹೊರಟರೆ ಕೊಂಡಿಯಾಗಲಿ, ಹೊರಡುವಿಕೆಯನ್ನು ತಡೆಯುವ ಸ್ವಿಚ್ಚಾಗಲಿ ಸ್ಥಾನ ತಪ್ಪಿದೆ. ಅದನ್ನು ಸರಿಮಾಡುವ ತನಕ ಮೋಟಾರು ಹೊರತೆಗೆಯಬಾರದು.

ಸರಿಹೊಂದಿಸುವುದು ಇಂಜಿನು ನಿಲ್ಲಿಸಿ, ಗಾಲಿಗಳಿಗೆ ಕಲ್ಲು ಕೊಟ್ಟ ಮೇಲೆ. ಟೊಯೋಟದ ಹಲವು ಮಾದರಿಗಳಲ್ಲಿ ಕೊಂಡಿಯ ನಟ್ಟನ್ನು ಸಡಿಲಿಸಿ, ಪೆಟ್ಟಿಗೆಯ ಲಿವರನ್ನು ‘ಪಿ’ಯ ಕಡೆಗೆ ಕೊನೆಯವರೆಗೆ ತಳ್ಳಿ, ಅಲ್ಲಿಂದ ಎರಡು ಕಚ್ಚು ಹಿಂದಕ್ಕೆ ತಂದರೆ ಅದು ‘ಎನ್’. ಮೇಲಿನ ಹಿಡಿಯನ್ನೂ ‘ಎನ್’ನಲ್ಲಿಟ್ಟು, ‘ಆರ್’ನ ಕಡೆಗೆ ಹಗುರವಾಗಿ ಒತ್ತಿ ಹಿಡಿದು ನಟ್ಟು ಬಿಗಿಯಬೇಕು. ಬಳಿಕ ಚಾವಿಯ ಪರೀಕ್ಷೆಯನ್ನು ಮತ್ತೆ ಮಾಡಬೇಕು.

8. ಐದನೆಯ ಮೆಟ್ಟಿಲು: ಪಾದದ ತಂತಿ, ನಿರ್ವಾತದ ನಳಿಗೆ

ತಂತಿಯಿರುವ ಮೋಟಾರುಗಳಲ್ಲಿ, ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ ತಂತಿಯೂ ತನ್ನ ಕೊನೆಯನ್ನು ಮುಟ್ಟಬೇಕು. ಇಂಜಿನು ನಿಂತಿರುವಾಗ ಒಬ್ಬರು ಪಾದವನ್ನು ಪೂರ್ತಿ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಅಳೆಯಬೇಕು. ಟೊಯೋಟದ ಹಲವು ಹಳೆಯ ಪೆಟ್ಟಿಗೆಗಳಲ್ಲಿ ತಂತಿಯ ರಬ್ಬರು ತುದಿಗೂ ತಂತಿಯ ಮೇಲಿನ ಗುಂಡಿಗೂ ನಡುವಿನ ಸಂದು ಆಗ 0ಯಿಂದ 1 ಮಿಲಿಮೀಟರಿನೊಳಗಿರಬೇಕು. ಹೆಚ್ಚು ಕಡಿಮೆಯಿದ್ದರೆ ಎರಡು ನಟ್ಟುಗಳನ್ನು ತಿರುಗಿಸಿ ಸರಿಮಾಡಬೇಕು. ಒಂದು ಬೆರಳಿನ ಉಗುರಿನಷ್ಟು ಸಣ್ಣ ವಿಷಯ. ಆದರೆ ತಂತಿ ಸಡಿಲವಾಗಿ ಓಡಿಸುತ್ತಾ ಹೋದರೆ ಹಿಡಿತದ ಒತ್ತಡ ಕಡಿಮೆಯಾಗಿ ಕ್ಲಚ್ಚುಗಳು ಬೇಗ ಸುಡುತ್ತವೆ. ಜನರಲ್ ಮೋಟಾರ್ಸಿನ 700ಆರ್4 ಎಂಬ ಪೆಟ್ಟಿಗೆ ಈ ಒಂದು ಕಾರಣಕ್ಕಾಗಿಯೇ ಮಿಸ್ತ್ರಿಗಳಲ್ಲಿ ಪ್ರಸಿದ್ಧವಾಗಿದೆ.

ಮಾಡ್ಯುಲೇಟರು ಡಬ್ಬಿ ಇರುವ ಪೆಟ್ಟಿಗೆಗಳಲ್ಲಿ ಇಂಜಿನಿನಿಂದ ಒಂದು ಸಣ್ಣ ನಳಿಗೆ ಬರುತ್ತದೆ. ಮರ್ಸಿಡಿಸ್ ಬೆಂಜಿನ 722.3 ಎಂಬ ಹಳೆಯ ಪೆಟ್ಟಿಗೆ ಈ ಜಾತಿಯದು, ಅದಕ್ಕೆ ಪಾದದ ತಂತಿಯೂ ಉಂಟು. ಪಾದ ಒತ್ತಿದಾಗ ಇಂಜಿನಿನ ನಿರ್ವಾತ ಕಡಿಮೆಯಾಗುತ್ತದೆ. ನಳಿಗೆ ಬಿರಿದಾಗಲೂ ನಿರ್ವಾತ ಕಡಿಮೆಯಾಗುತ್ತದೆ. ಡಬ್ಬಿಗೆ ಈ ಭೇದ ತಿಳಿಯದು. ಪಾದ ಪೂರ್ತಿ ಒತ್ತಿದೆ ಎಂದೇ ಅದು ಭಾವಿಸಿ ಒತ್ತಡ ಏರಿಸುತ್ತದೆ. ಪರಿಣಾಮ, ತಡವಾದ ಒರಟು ಗೇರು. ನಮ್ಮ ವಾಚನಾಲಯಕ್ಕೆ ಬರುವ ಚಾಲಕ ಮಿತ್ರರೊಬ್ಬರ ಹಳೆಯ ವಿಲಾಯತಿ ಮೋಟಾರು ಹೀಗೆ ಜಗ್ಗುತ್ತಿದ್ದಾಗ ಒಂದು ಗ್ಯಾರೇಜು ಪೆಟ್ಟಿಗೆ ಇಳಿಸಬೇಕೆಂದಿತು. ಇನ್ನೊಬ್ಬ ಮುದುಕ ಮಿಸ್ತ್ರಿ ನಳಿಗೆಯನ್ನು ಬೆರಳಿನಿಂದ ಬಗ್ಗಿಸಿ ನೋಡಿ, ಬಿರುಕು ತೋರಿಸಿ, ಗೇಣುದ್ದ ಹೊಸ ರಬ್ಬರು ನಳಿಗೆ ಹಾಕಿದ. ಗೇರು ಸರಿಹೋಯಿತು. ಎಲ್ಲ ಸಾರಿಯೂ ಹೀಗಾಗುವುದಿಲ್ಲ. ಆದರೆ ನಳಿಗೆಯನ್ನು ನೋಡುವುದಕ್ಕೆ ಹಣ ಬೇಕಾಗಿಲ್ಲ.

ಡಬ್ಬಿಯೊಳಗಿನ ಪೊರೆಯೇ ಹರಿದಿದ್ದರೆ ಗೇರಿನ ಎಣ್ಣೆಯನ್ನು ಇಂಜಿನು ಹೀರಿಕೊಳ್ಳುತ್ತದೆ. ನೆಲದ ಮೇಲೆ ಒಂದು ಹನಿ ಬೀಳದೆ ಎಣ್ಣೆ ಕಡಿಮೆಯಾಗುತ್ತಿದ್ದು, ಹೊಗೆ ನಳಿಗೆಯಲ್ಲಿ ಬಿಳಿ ಹೊಗೆ ಕಂಡರೆ ನಿರ್ವಾತದ ನಳಿಗೆಯನ್ನು ಕಿತ್ತು ನೋಡಬೇಕು. ಒಳಗೆ ಎಣ್ಣೆಯ ತೇವವಿದ್ದರೆ ಡಬ್ಬಿಯನ್ನು ಬದಲಿಸಬೇಕು.

9. ಆರನೆಯ ಮೆಟ್ಟಿಲು: ವಿದ್ಯುತ್ತು

ಮುಂದೆ ಬಂದ ಪೆಟ್ಟಿಗೆಗಳಲ್ಲಿ ತಕ್ಕಡಿಯ ಕೆಲಸವನ್ನು ಗಣಕಯಂತ್ರ ವಹಿಸಿಕೊಂಡಿತು. ಅದರ ಆಜ್ಞೆಯಂತೆ ಸೊಲಿನಾಯ್ಡು ಎಂಬ ವಿದ್ಯುತ್ ನಲ್ಲಿಗಳು ಎಣ್ಣೆಯ ದಾರಿ ತೆರೆಯುತ್ತವೆ. ದೋಷ ಕಂಡರೆ ಎದುರಿನ ಫಲಕದಲ್ಲಿ ಒಂದು ದೀಪ ಮಿನುಗುತ್ತದೆ. ಅನೇಕ ಮೋಟಾರುಗಳು ಆಗ ಒಂದೇ ಗೇರಿನಲ್ಲಿ ನಿಂತು, ಮನೆ ಸೇರುವಷ್ಟು ಮಾತ್ರ ಕುಂಟುತ್ತಾ ಓಡುತ್ತವೆ. ಇದನ್ನು ಪೆಟ್ಟಿಗೆ ಸತ್ತಿತೆಂದು ತಿಳಿಯಬಾರದು. ಬ್ಯಾಟರಿಯ ಬಲ, ಫ್ಯೂಸು, ಪೆಟ್ಟಿಗೆಗೆ ಹೋಗುವ ತಂತಿಯ ಪ್ಲಗ್ಗಿನ ತುಕ್ಕು ಇವನ್ನು ನೋಡಿ, ಸ್ಕ್ಯಾನರು ಇಟ್ಟು ಸಂಕೇತ ಓದಿಸಬೇಕು. ಆ ಸಂಕೇತವನ್ನು ಬರೆದು ಕೊಡಲು ಗ್ಯಾರೇಜಿನವರನ್ನು ಕೇಳಿರಿ.

10. ಏಳನೆಯ ಮೆಟ್ಟಿಲು: ಬ್ಯಾಂಡು

ಇದು ಹಳೆಯ ಅಮೆರಿಕನ್ ಮೋಟಾರುಗಳ ಮೇಲೆ ಕೆಲಸ ಮಾಡುವವರಿಗೆ. ಬ್ಯಾಂಡು ಸವೆದಂತೆ ಡ್ರಮ್ಮಿಗೂ ಅದಕ್ಕೂ ನಡುವೆ ಸಂದು ಹೆಚ್ಚುತ್ತದೆ. ಕೆಲವು ಪೆಟ್ಟಿಗೆಗಳಲ್ಲಿ ಹೊರಗಿನ ತಿರುಪಿನಿಂದ ಇದನ್ನು ಸರಿಪಡಿಸಬಹುದು. ಉದಾಹರಣೆಗೆ ಫೋರ್ಡಿನ ಸಿ4 ಪೆಟ್ಟಿಗೆಯಲ್ಲಿ ತಿರುಪನ್ನು 10 ಅಡಿ-ಪೌಂಡಿನಷ್ಟು, ಎಂದರೆ ಸುಮಾರು 1.4 ಕಿಲೋಗ್ರಾಂ-ಮೀಟರಿನಷ್ಟು ಬಿಗಿದು, ನಡುವಿನ ಬ್ಯಾಂಡಿಗೆ ಒಂದೂ ಮುಕ್ಕಾಲು ಸುತ್ತು, ಹಿಂದೋಟದ ಬ್ಯಾಂಡಿಗೆ ಮೂರು ಸುತ್ತು ಹಿಂದಕ್ಕೆ ಬಿಡಬೇಕು. ಬಳಿಕ ತಿರುಪು ಅಲುಗದಂತೆ ಹಿಡಿದು ಹೊಸ ನಟ್ಟು ಬಿಗಿಯಬೇಕು. ಬಲವಳೆಯುವ ಪಾನಾ ಇಲ್ಲದೆ, ಅಂದಾಜಿನಿಂದ ಇದನ್ನು ಮಾಡಬಾರದು. ಒಂದು ಪೆಟ್ಟಿಗೆಯ ಲೆಕ್ಕವನ್ನು ಇನ್ನೊಂದಕ್ಕೆ ಹಾಕಲೂ ಬಾರದು. ಹೊರಗೆ ಇಂಥ ತಿರುಪೇ ಇಲ್ಲದ ಪೆಟ್ಟಿಗೆಗಳೂ ಬಹಳ.

11. ಸ್ಟಾಲ್ ಪರೀಕ್ಷೆ

ಬ್ರೇಕುಗಳನ್ನು ಪೂರ್ತಿ ಹಿಡಿದು ‘ಡಿ’ಯಲ್ಲಿ ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಇಂಜಿನು ಎಷ್ಟು ಸುತ್ತು ಏರುತ್ತದೆಂದು ನೋಡುವುದಕ್ಕೆ ಈ ಹೆಸರು. 5 ಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು, ಎಣ್ಣೆ ಕುದಿದಂತಾಗುತ್ತದೆ. ಬ್ರೇಕು ಸೋತರೆ ಮೋಟಾರು ಎದುರಿದ್ದವರ ಮೇಲೆ ಹಾರುತ್ತದೆ. ಆದುದರಿಂದ ಇದು ತಿಳಿದ ಮಿಸ್ತ್ರಿಯ ಕೆಲಸ, ನಮ್ಮ ನಿಮ್ಮದಲ್ಲ. ಫಲದ ಅರ್ಥವನ್ನು ಮಾತ್ರ ತಿಳಿದಿರೋಣ. ಕೈಪಿಡಿಯ ಲೆಕ್ಕಕ್ಕಿಂತ ಸುತ್ತು ಬಹಳ ಏರಿದರೆ ಒಳಗೆ ಹಿಡಿತ ಜಾರುತ್ತಿದೆ. ಬಹಳ ಕಡಿಮೆಯಾದರೆ ಇಂಜಿನು ಸೋತಿದೆ, ಇಲ್ಲವೆ ಕನ್ವರ್ಟರಿನ ಸ್ಟೇಟರು ಕೆಟ್ಟಿದೆ.

12. ಲಕ್ಷಣ ಮತ್ತು ಕಾರಣ

ಮುಂದೋಟ ಹಿಂದೋಟ ಎರಡೂ ಇಲ್ಲ: ಎಣ್ಣೆ ತೀರಾ ಕಡಿಮೆ, ಕೊಂಡಿ ಕಳಚಿದೆ, ಪಂಪು ಕೆಟ್ಟಿದೆ.

ಹಿಂದೋಟವುಂಟು, ಮುಂದೋಟವಿಲ್ಲ: ಮೊದಲು ಕೊಂಡಿ, ಆಮೇಲೆ ಮುಂದೋಟದ ಕ್ಲಚ್ಚು.

ಗೇರು ತಡ, ಒರಟು: ನಿರ್ವಾತದ ನಳಿಗೆ, ಬಿಗಿಯಾದ ತಂತಿ.

ಗೇರು ಬೇಗ, ಮೆದು, ಜಾರಿಕೆ: ಸಡಿಲ ತಂತಿ, ಕಡಿಮೆ ಎಣ್ಣೆ, ಸವೆದ ಕ್ಲಚ್ಚು.

ತಣ್ಣಗಿದ್ದಾಗ ಸರಿ, ಬಿಸಿಯಾದ ಮೇಲೆ ಜಾರಿಕೆ: ತೆಳುವಾದ ಎಣ್ಣೆ ಗಟ್ಟಿಯಾದ ಸೀಲುಗಳಿಂದ ಸೋರುತ್ತಿದೆ, ಇಲ್ಲವೆ ಫಿಲ್ಟರು ಕಟ್ಟಿದೆ.

ಪಾದ ಒತ್ತಿದರೂ ಕೆಳಗಿನ ಗೇರಿಗೆ ಇಳಿಯದು: ಪಾದದ ತಂತಿ ಅಥವಾ ಸ್ವಿಚ್ಚು.

13. ಚಾಕಣದ ಹೊಸ ಬಗೆಗಳು

ಮೇಲೆ ಹೇಳಿದುದೆಲ್ಲ ಎಣ್ಣೆಯ ಕನ್ವರ್ಟರುಳ್ಳ ಹಳೆಯ ಪೆಟ್ಟಿಗೆಗೆ. ಮಾರುತಿಯ ಝೆನ್, ಎಸ್ಟೀಮ್‌ಗಳಲ್ಲೂ ಇಂಥ ಗೇರಿನ ಬಗೆಗಳಿದ್ದವು. ಆದರೆ ಈಗ ಎರಡನೆಯ ಕೈಗೆ ಬರುತ್ತಿರುವ ಮೋಟಾರುಗಳಲ್ಲಿ ಬೇರೆ ಎರಡು ಜಾತಿಗಳಿವೆ.

ಒಂದು, ಎರಡು ಕ್ಲಚ್ಚಿನ ಪೆಟ್ಟಿಗೆ. ಚಾಕಣದಲ್ಲಿ ತಯಾರಾದ ಪೋಲೋ ಮೋಟಾರಿನ ಜಿ.ಟಿ. ಟಿ.ಎಸ್.ಐ. ಮಾದರಿ 2013ರಲ್ಲಿ ಏಳು ಗೇರುಗಳ ಇಂಥ ಪೆಟ್ಟಿಗೆಯೊಡನೆ ಬಂದಿತು. ಭಾರತದಲ್ಲಿ ಪೋಲೋದ ತಯಾರಿಕೆ 2022ರಲ್ಲಿ ನಿಂತಿತು. ಇದರಲ್ಲಿ ಬೆಸ ಗೇರುಗಳಿಗೆ ಒಂದು, ಸಮ ಗೇರುಗಳಿಗೆ ಒಂದು ಒಣ ಕ್ಲಚ್ಚು ಇರುತ್ತದೆ. 2013ರ ನವೆಂಬರಿನಲ್ಲಿ ಫೋಕ್ಸ್‌ವ್ಯಾಗನ್ ಕಂಪನಿ ಈ ಏಳು ಗೇರಿನ ಜಾತಿಯ ಪೆಟ್ಟಿಗೆಗಳುಳ್ಳ ಸುಮಾರು 16 ಲಕ್ಷ ಮೋಟಾರುಗಳಲ್ಲಿ, ಪ್ರಪಂಚದಾದ್ಯಂತ, ಕೃತಕ ಎಣ್ಣೆಯನ್ನು ತೆಗೆದು ಖನಿಜ ಎಣ್ಣೆ ಹಾಕುವುದಾಗಿ ಪ್ರಕಟಿಸಿತು. ಬಿಸಿಲೂ ತೇವವೂ ಹೆಚ್ಚಿದ ಕಡೆ ಹಳೆಯ ಎಣ್ಣೆಯಿಂದ ವಿದ್ಯುತ್ ದೋಷ ಬರುವ ಸಂಭವವಿತ್ತು. ಇಂಥ ಹಳೆಯ ಮೋಟಾರು ಕೊಳ್ಳುವವರು ಸರ್ವಿಸು ಪುಸ್ತಕದಲ್ಲಿ ಇದರ ದಾಖಲೆ ಕೇಳಬೇಕು.

ಇನ್ನೊಂದು, ಸಾಧಾರಣ ಗೇರುಪೆಟ್ಟಿಗೆಗೇ ಯಂತ್ರದ ಕೈ ಜೋಡಿಸಿದ ಎ.ಎಂ.ಟಿ. ಭಾರತದಲ್ಲಿ ಇದು 2014ರಲ್ಲಿ ಮಾರುತಿ ಸೆಲೆರಿಯೋದೊಡನೆ ಬಂದಿತು. ಈ ಎರಡು ಜಾತಿಗಳಲ್ಲೂ ಪಾನಾ ಹಿಡಿದು ಹೊಂದಿಸುವುದು ಏನೂ ಇಲ್ಲ. ಕ್ಲಚ್ಚು ಹಿಡಿಯುವ ಸ್ಥಾನವನ್ನು ಗಣಕಯಂತ್ರಕ್ಕೆ ಸ್ಕ್ಯಾನರಿನಿಂದ ಮತ್ತೆ ಕಲಿಸಬೇಕು. ಏರಿನ ಮೇಲೆ ಬ್ರೇಕು ಹಿಡಿಯದೆ ಆಕ್ಸಿಲರೇಟರಿನಿಂದಲೇ ಮೋಟಾರನ್ನು ನಿಲ್ಲಿಸಿಕೊಂಡರೆ ಇವುಗಳ ಕ್ಲಚ್ಚು ಸುಡುತ್ತದೆ.

14. ಚಾಲಕರು ಪಾಲಿಸಬೇಕಾದುದು

ತಳೇಗಾಂವ ಚೌಕದ ಸಂದಣಿಯಲ್ಲಿ ಗಂಟೆಗಟ್ಟಲೆ ನಿಂತು ಜರುಗುವಾಗ ಎಣ್ಣೆ ಬಹಳ ಕಾಯುತ್ತದೆ. ಬೇಸಗೆಯಲ್ಲಿ ರೇಡಿಯೇಟರು, ಫ್ಯಾನು ಸರಿಯಿರಬೇಕು. ಸುಮಾರು 80 ಡಿಗ್ರಿ ಸೆಲ್ಸಿಯಸ್ಸಿನ ಮೇಲೆ ಪ್ರತಿ 11 ಡಿಗ್ರಿ ಏರಿಕೆಗೆ ಎಣ್ಣೆಯ ಆಯುಸ್ಸು ಅರ್ಧವಾಗುತ್ತದೆಂಬುದು ಮಿಸ್ತ್ರಿಗಳ ಸ್ಥೂಲ ಲೆಕ್ಕ. ನಾಸಿಕದ ರಸ್ತೆಯಲ್ಲಾಗಲಿ, ಖಂಡಾಳದ ಘಟ್ಟದಲ್ಲಾಗಲಿ ಇಳಿಯುವಾಗ ಕೆಳಗಿನ ಗೇರು ಹಾಕಬೇಕು. ಎಣ್ಣೆ ಉಳಿಸಲೆಂದು ‘ಎನ್’ ಹಾಕಿ ಉರುಳಬಾರದು. ಮೋಟಾರು ಪೂರ್ತಿ ನಿಲ್ಲದೆ ‘ಆರ್’ನಿಂದ ‘ಡಿ’ಗೆ ತರಬಾರದು. ನಿಲ್ಲಿಸುವಾಗ ಮೊದಲು ಕೈಬ್ರೇಕು, ಆಮೇಲೆ ‘ಪಿ’.

ಹಳೆಯ ಸ್ವಯಂಚಾಲಿತ ಮೋಟಾರನ್ನು ತಳ್ಳಿ ಹೊರಡಿಸಲು ಸಾಮಾನ್ಯವಾಗಿ ಆಗದು. ಕೆಟ್ಟು ನಿಂತರೆ ಬಲ ಪಡೆಯುವ ಗಾಲಿಗಳನ್ನು ನೆಲದ ಮೇಲಿಟ್ಟು ದೂರ ಎಳೆಸಲೂ ಬಾರದು. ಇಂಜಿನು ನಿಂತಾಗ ಪಂಪೂ ನಿಂತಿರುತ್ತದೆ. ಎಣ್ಣೆ ಸಿಗದೆ ಗೇರುಗಳು ಒಣಗಿ ಉಜ್ಜುತ್ತವೆ.

15. ಗ್ಯಾರೇಜಿನಲ್ಲಿ ಕೇಳಬೇಕಾದ ಮಾತುಗಳು

ಪೆಟ್ಟಿಗೆ ಇಳಿಸಬೇಕೆಂದು ಹೇಳಿದರೆ ಜಗಳ ಮಾಡಬೇಡಿರಿ, ಹೆದರಲೂ ಬೇಡಿರಿ. ವಿನಯದಿಂದ ಕೇಳಿರಿ: “ಅಣ್ಣಾ, ಎಣ್ಣೆ ನೋಡಿದಿರಾ, ಬಣ್ಣ ಹೇಗಿತ್ತು? ಕೊಂಡಿ, ತಂತಿ, ನಳಿಗೆ ನೋಡಿದಿರಾ? ಸಂಕೇತ ಏನು ಬಂತು? ಕೆಳತಟ್ಟೆ ಬಿಚ್ಚಿ ತೋರಿಸುತ್ತೀರಾ?” ಇದೇ ಮಾತನ್ನು ಮರಾಠಿಯಲ್ಲಿ ಕೇಳಲು ಕಲಿತಿರುವುದು ಇನ್ನೂ ಒಳ್ಳೆಯದು. ಒಳ್ಳೆಯ ಮಿಸ್ತ್ರಿ ಈ ಪ್ರಶ್ನೆಗಳಿಂದ ಸಂತೋಷಪಡುತ್ತಾನೆ. ಉತ್ತರ ಕೊಡದವನ ಬಳಿ ಮೋಟಾರು ಬಿಡಬೇಡಿರಿ. ಏಳು ಮೆಟ್ಟಿಲುಗಳನ್ನು ಏರಿದ ಮೇಲೂ ಜಾರಿಕೆ ಉಳಿದು, ಎಣ್ಣೆ ಸುಟ್ಟಿದ್ದು, ತಟ್ಟೆಯಲ್ಲಿ ಚೂರುಗಳಿದ್ದರೆ ಪೆಟ್ಟಿಗೆ ಬಿಚ್ಚುವುದೇ ದಾರಿ. ಆಗ ಕೊಡುವ ಹಣ ತಿಳಿದು ಕೊಟ್ಟ ಹಣವಾಗುತ್ತದೆ.

ಅಭ್ಯಾಸಕ್ಕೆ ಪ್ರಶ್ನೆಗಳು

1. ನಿರ್ವಾತದ ನಳಿಗೆ ಬಿರಿದರೆ ಗೇರು ತಡವಾಗಿ ಬೀಳುವುದೇಕೆ? ತಕ್ಕಡಿಯ ಉಪಮೆಯಿಂದ ವಿವರಿಸಿರಿ.

2. ಎಣ್ಣೆ ಕಡಿಮೆಯಾದರೂ ಹೆಚ್ಚಾದರೂ ಗೇರು ಜಾರುತ್ತದೆ. ಕಾರಣವೇನು?

3. ‘ಡಿ’ಯಲ್ಲಿ ಚಾವಿ ತಿರುಗಿಸಿದಾಗ ಇಂಜಿನು ಹೊರಟರೆ ಏನು ಮಾಡಬೇಕು?

4. ಗೇಜು ಕಡ್ಡಿಯನ್ನು ವೇಸ್ಟ್ ಹತ್ತಿಯಿಂದ ಏಕೆ ಒರೆಸಬಾರದು?

5. ಕೆಟ್ಟ ಸ್ವಯಂಚಾಲಿತ ಮೋಟಾರನ್ನು ದೂರ ಎಳೆಸಬಾರದೇಕೆ?

ಓದಲು ಬಾರದ ಚಾಲಕ ಮಿತ್ರರು ನಿಮ್ಮ ಖೋಲಿಯಲ್ಲಿದ್ದರೆ ಈ ಪಾಠವನ್ನು ಅವರಿಗೆ ಓದಿ ಹೇಳಿರಿ. ಮೂರನೆಯ ಭಾಗವನ್ನು ಎರಡು ಸಾರಿ ಓದಿರಿ.